ಬೈರಾದ ಹೊಳೆಗೆ ಮರಳಿ ಸಿಕ್ಕ ಜಾಗ

ಮಾನ್ಯರೇ,

ಮೊಜಾಂಬಿಕ್‌ನ ಬೈರಾ ನಗರದ ಹೆಸರು ನಮ್ಮ ಪತ್ರಿಕೆಗಳಲ್ಲಿ ಕಾಣಿಸುವುದು ಚಂಡಮಾರುತ ಅಪ್ಪಳಿಸಿದಾಗ ಮಾತ್ರ. 2019ರ ಮಾರ್ಚ್ 14ರ ರಾತ್ರಿ ‘ಇಡಾಯ್’ ಬಡಿದ ಬಳಿಕ ನೆರವಿಗೆ ಧಾವಿಸಿದವುಗಳಲ್ಲಿ ನಮ್ಮ ನೌಕಾಪಡೆಯ ಸುಜಾತಾ, ಶಾರ್ದೂಲ್ ಹಡಗುಗಳೂ ಇದ್ದವೆಂದು ಓದಿ ಹೆಮ್ಮೆಪಟ್ಟೆವು. ನೀರು ಇಳಿದೊಡನೆ ಊರನ್ನೂ ಮರೆತೆವು. ಆದರೆ ಆ ನಗರದ ನಡುವೆ ಹರಿಯುವ ಶಿವೆವೆ ಎಂಬ ಪುಟ್ಟ ಹೊಳೆಯಲ್ಲಿ ನಡೆದಿರುವ ಕೆಲಸ ಗಮನಿಸತಕ್ಕದ್ದು.

ಪುಂಗ್ವೆ ನದಿ ಕಡಲು ಸೇರುವ ಜವುಗು ನೆಲದಲ್ಲಿ ಬೆಳೆದ ಈ ಬಂದರು ನಗರದಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಹಲವು ಬಡಾವಣೆಗಳು ಉಬ್ಬರದ ಮಟ್ಟಕ್ಕಿಂತ ತಗ್ಗಿನಲ್ಲಿವೆ. ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ಅಲ್ಲಿ 6 ಮೀಟರ್‌ಗೂ ಮೀರಿದ ಅಂತರ. ಹೀಗಾಗಿ ಜಡಿಮಳೆಯೂ ಉಬ್ಬರವೂ ಕೂಡಿ ಬಂದರೆ ಚರಂಡಿ ನೀರಿಗೆ ಹೊರದಾರಿಯೇ ಇರುವುದಿಲ್ಲ. ಹೂಳು, ಕಸ ತುಂಬಿ ಕಟ್ಟಿಕೊಂಡಿದ್ದ ಶಿವೆವೆಯನ್ನು ಜರ್ಮನಿ ಮತ್ತು ವಿಶ್ವಬ್ಯಾಂಕಿನ ನೆರವಿನಿಂದ ಹೂಳೆತ್ತಿ, ಅಳಿವೆಯಲ್ಲಿ ತೂಬು ಕೂರಿಸಿ, ದಡದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೆಟ್ಟು, ಸುತ್ತಲಿನ ಜಾಗವನ್ನು ಉದ್ಯಾನವಾಗಿಸಿದರು. ದಿನನಿತ್ಯದ ಉಬ್ಬರ ಒಳಬಂದು ಕಾಂಡ್ಲಾಗೆ ಉಪ್ಪುನೀರು ಉಣಿಸುತ್ತದೆ. ಕಡಲು ವಿಪರೀತ ಏರಿದರೆ ಬಾಗಿಲು ಮುಚ್ಚಿ, ಇಳಿದಾಗ ತೆರೆದು ಮಳೆನೀರನ್ನು ಹೊರಬಿಡುತ್ತಾರೆ. ಅಘನಾಶಿನಿ ದಂಡೆಯಲ್ಲಿ ಉಪ್ಪುನೀರು ಬಂದುಹೋಗುವ ಗಜನಿ ಗದ್ದೆಗಳ ಜಂತ್ರಡಿ, ಅಂದರೆ ತೂಬಿನ ಬಾಗಿಲು, ಕಂಡವರಿಗೆ ಈ ಉಪಾಯವನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಇಡಾಯ್‌ನ ಗಾಳಿಗೆ ಹೊಳೆ ಅಡ್ಡ ನಿಲ್ಲಲಿಲ್ಲ, ಅದು ನಿಲ್ಲುವಂಥದ್ದೂ ಅಲ್ಲ. ಹಾರಿಹೋಗುವ ಛಾವಣಿಯನ್ನು ಯಾವ ಕಾಂಡ್ಲಾ ಹಿಡಿದೀತು? ನೀರು ಬೇಗ ಇಳಿಯುವಂತೆ ಮಾಡುವುದಷ್ಟೇ ಇದರ ಕೆಲಸ, ಅದಕ್ಕೂ ಮುನ್ಯಾವಾದಂಥ ಬಡಾವಣೆಗಳ ಕಾಂಕ್ರೀಟ್ ಕಾಲುವೆಗಳ ಜೊತೆ ಬೇಕು. ಹಸಿರು ಯೋಜನೆಗಳನ್ನು ಸರ್ವರೋಗಕ್ಕೂ ಮದ್ದೆಂಬಂತೆ ಹೊಗಳುವವರು ಇದನ್ನು ಮರೆಮಾಚುತ್ತಾರೆ.

ನನ್ನ ತಕರಾರು ಇನ್ನೊಂದಿದೆ. ಉದ್ಯಾನ ಸಿಕ್ಕಿದ್ದು ಪೇಟೆಯ ನಡುವಿನವರಿಗೆ. ಕಡಲಿಗೆ ತಾಗಿದ ಪ್ರಾಯಾ ನೋವಾದಲ್ಲಿ ತಗಡು, ಹಲಗೆಗಳ ಮನೆ ಕಟ್ಟಿಕೊಂಡು ಇಡಾಯ್‌ಗೆ ಎಲ್ಲರಿಗಿಂತ ಮೊದಲು ಎದೆಯೊಡ್ಡಿದ ಮೀನುಗಾರರಿಗೆ ಸಿಕ್ಕಿದ್ದು ಸ್ಥಳಾಂತರದ ಮಾತು. ಬಲೆ, ದೋಣಿ ನಂಬಿದವರನ್ನು ಒಳನಾಡಿನಲ್ಲಿ ಕೂರಿಸಿದರೆ ಅವರು ದಡಕ್ಕೆ ಮರಳದೆ ಇನ್ನೇನು ಮಾಡಿಯಾರು?

ಮುಂದಿನ ಸಲ ಬೈರಾದ ಸುದ್ದಿ ಬಂದಾಗ ಗಾಳಿಯ ವೇಗದ ಜೊತೆಗೆ, ಶಿವೆವೆಯ ತೂಬಿನ ಬಾಯಿಯಲ್ಲಿ ಸಿಕ್ಕಿಕೊಂಡ ಕಸವನ್ನು ತೆಗೆಯುವವರಿದ್ದಾರೆಯೇ, ಅವರ ಸಂಬಳಕ್ಕೆ ಹಣ ಎಲ್ಲಿಂದ ಬರುತ್ತಿದೆ ಎಂಬುದನ್ನೂ ದಯವಿಟ್ಟು ವಿಚಾರಿಸಿ ಬರೆಯಿರಿ.

ಇಂತು ನಿಮ್ಮ ಓದುಗ,
ಕುಮಟಾ