ಎಕೋ ಪರೀಕ್ಷೆಗೆ ಇನ್ನು ಮುಕ್ಕಾಲು ಗಂಟೆ ಯಾಕೆ?

ಆತ್ಮೀಯ ಗ್ರಾಹಕರೇ, ನಮಸ್ಕಾರ.

ಮುಂದಿನ ತಿಂಗಳಿಂದ ಶಿರಸಿಯ ನಮ್ಮ ಸೆಂಟರಿನಲ್ಲಿ ಎಕೋ (ಹೃದಯದ ಸ್ಕ್ಯಾನ್) ಮಾಡಿಸಲು ಮೊದಲೇ ಫೋನ್ ಮಾಡಿ ಟೈಮ್ ತೆಗೆದುಕೊಳ್ಳಬೇಕು. ಕಾಲು ಗಂಟೆಯಲ್ಲಿ ಮುಗಿಯುತ್ತಿದ್ದ ಪರೀಕ್ಷೆಗೆ ಈಗ ಮುಕ್ಕಾಲು ಗಂಟೆ ಹಿಡಿಯುತ್ತದೆ. ದರವೂ 200 ರೂಪಾಯಿ ಜಾಸ್ತಿ. ಬೇಜಾರಾಗುತ್ತದೆ, ಗೊತ್ತು. ಕಾರಣ ಕೇಳಿ.

ಎಕೋ ಮುಗಿಸಿ ಎದ್ದವರು ಮೊದಲು ಕೇಳುವುದು ಒಂದೇ: "ಪಂಪಿಂಗ್ ಎಷ್ಟಿದೆ?" ತುಂಬಿದ ರಕ್ತದಲ್ಲಿ ಹೃದಯ ಪ್ರತಿ ಸಲ ಹೊರಗೆ ತಳ್ಳುವ ಪಾಲು ಅದು. 60 ಪರ್ಸೆಂಟ್ ಎಂದರೆ ಸಮಾಧಾನ. ನಾವೂ ಅದನ್ನೇ ದೊಡ್ಡದಾಗಿ ಬರೆದು ಕೊಡುತ್ತಿದ್ದೆವು. ಹೋದ ಮಳೆಗಾಲದಲ್ಲಿ ಸಿದ್ದಾಪುರ ಕಡೆಯ ಹಿರಿಯರೊಬ್ಬರು ಎರಡನೇ ಸಲ ಬಂದರು. "ನಿಮ್ಮ ರಿಪೋರ್ಟಿನಲ್ಲಿ ಎಲ್ಲಾ ನಾರ್ಮಲ್. ತೋಟದಿಂದ ಮನೆಗೆ ಹತ್ತುವಾಗ ಎರಡು ಕಡೆ ಕೂತು ಬರಬೇಕು. ಸುಳ್ಳು ಯಾರದು, ನನ್ನದಾ, ನಿಮ್ಮದಾ?" ಎಂದರು. ಸುಳ್ಳು ಯಾರದೂ ಅಲ್ಲ. ನಾವು ಅರ್ಧ ಮಾತ್ರ ನೋಡಿದ್ದೆವು.

ಅಡಿಕೆಗೆ ಕೊಳೆ ಮದ್ದು ಹೊಡೆಯುವ ಕೈಪಂಪು ನೆನಪು ಮಾಡಿಕೊಳ್ಳಿ. ತಳ್ಳಿದಾಗ ಹೊಡೆಯುತ್ತದೆ, ಸರಿ. ಎಳೆದಾಗ ಡ್ರಮ್ಮಿನಿಂದ ಮದ್ದು ಬರಬೇಕಲ್ವಾ? ಹೃದಯವೂ ಸಡಿಲಾಗಿ ತುಂಬಿಕೊಂಡರೆ ತಾನೇ ಹಿಂಡುವುದು. ವರ್ಷಗಟ್ಟಲೆ ಬಿಪಿ, ಶುಗರ್, ಬೊಜ್ಜು ಇದ್ದವರಲ್ಲಿ ಹೃದಯದ ಗೋಡೆ ಗಡುಸಾಗಬಹುದು. ಆಗ ಪಂಪಿಂಗ್ ಚೆನ್ನಾಗಿದ್ದರೂ ರಕ್ತ ತುಂಬಲು ಜಾಸ್ತಿ ಒತ್ತಡ ಬೇಕು. ಆ ಒತ್ತಡ ಹಿಂದಕ್ಕೆ ಶ್ವಾಸಕೋಶದ ತನಕ ಹೋಗುತ್ತದೆ. ದಮ್ಮು ಹತ್ತುವುದು ಅದಕ್ಕೇ.

ಇದನ್ನು ಒಂದು ಅಂಕಿಯಲ್ಲಿ ಹೇಳಲು ಬರುವುದಿಲ್ಲ. ತಡವಾಗುವುದು ಇಲ್ಲೇ. ಹೃದಯದ ಎಡಗಡೆಯ ಮೇಲಿನ, ಕೆಳಗಿನ ಕೋಣೆಗಳ ನಡುವಿನ ಮೈಟ್ರಲ್ ಕವಾಟದ ತುದಿಯಲ್ಲಿ ಡಾಪ್ಲರ್ (ರಕ್ತ ಹರಿಯುವ ವೇಗ ಅಳೆಯುವ ಸ್ಕ್ಯಾನ್) ಹಿಡಿದರೆ ಎರಡು ಅಲೆ ಕಾಣುತ್ತವೆ. ಹೃದಯ ಸಡಿಲಾದಾಗ ನುಗ್ಗುವ ರಕ್ತದ್ದು 'ಇ'. ಕೊನೆಗೆ ಮೇಲಿನ ಕೋಣೆ ಹಿಂಡಿ ತಳ್ಳುವುದು 'ಎ'. ಇಷ್ಟೇ ನೋಡಿದರೆ ಮೋಸ ಹೋಗಬಹುದು. ತೊಂದರೆ ಬಲಿತಾಗ ಈ ಅಲೆಗಳು ಮತ್ತೆ ನಾರ್ಮಲ್ ಇದ್ದಂತೆ ಕಾಣುತ್ತವೆ! ಹಾಗಾಗಿ ಕವಾಟದ ಬುಡದ ಸ್ನಾಯು ಎಷ್ಟು ಚುರುಕಾಗಿ ಸರಿಯುತ್ತದೆ ಎಂದೂ ಅಳೆಯಬೇಕು. ನಡುಗೋಡೆಯ ಕಡೆ ಸೆಕೆಂಡಿಗೆ 7 ಸೆಂಟಿಮೀಟರಿಗಿಂತ, ಹೊರಗೋಡೆಯ ಕಡೆ 10ಕ್ಕಿಂತ ಕಡಿಮೆ ಇದ್ದರೆ ಅನುಮಾನ. 'ಇ' ಅಲೆಯ ವೇಗವನ್ನು ಈ ಎರಡೂ ಕಡೆ ಅಳೆದ ವೇಗದ ಸರಾಸರಿಯಿಂದ ಭಾಗಿಸಿದಾಗ 14 ದಾಟಿದರೆ ಒಳಗಿನ ಒತ್ತಡ ಏರಿರಬಹುದು. ಎಡಗಡೆಯ ಮೇಲಿನ ಕೋಣೆ ಹಿಗ್ಗಿದೆಯೇ, ಬಲಗಡೆ ಕವಾಟದ ಸೋರಿಕೆಯ ವೇಗ ಸೆಕೆಂಡಿಗೆ 2.8 ಮೀಟರ್ ದಾಟಿದೆಯೇ ಎಂಬುದನ್ನೂ ಸೇರಿಸಿಯೇ ತೀರ್ಮಾನ. ನಡುವೆ "ಉಸಿರು ಬಿಗಿಹಿಡಿದು ಮುಕ್ಕಿ" ಎಂದರೆ ನಗಬೇಡಿ. ಅದೂ ಪರೀಕ್ಷೆಯೇ.

ಉಪವಾಸ ಬರುವುದು ಬೇಡ. ಬಿಪಿ ಮಾತ್ರೆ ಎಂದಿನಂತೆ ತೆಗೆದುಕೊಳ್ಳಿ. ಹಳೆಯ ರಿಪೋರ್ಟ್ ತನ್ನಿ. ಎತ್ತರ, ತೂಕ, ಬಿಪಿ ಇಲ್ಲೇ ನೋಡುತ್ತೇವೆ. ಬಸ್ಸಿನಲ್ಲಿ ಬರುವವರು ಫೋನಿನಲ್ಲೇ ಹೇಳಿ, ಅದಕ್ಕೆ ಸರಿಯಾಗಿ ಟೈಮ್ ಕೊಡುತ್ತೇವೆ.

ಇನ್ನೊಂದು ಮಾತು. ರಿಪೋರ್ಟಿನಲ್ಲಿ 'ಗ್ರೇಡ್ 1' (ಹೃದಯ ಸಡಿಲಾಗುವುದರಲ್ಲಿನ ತೊಂದರೆಯ ಮೊದಲ ಹಂತ) ಎಂದು ಕಂಡರೆ ದಾರಿಯಲ್ಲೇ ಮೊಬೈಲ್ ತೆಗೆದು ಹುಡುಕಿ ಸುಮ್ನೆ ಹೆದರಬೇಡಿ. ವಯಸ್ಸಾದಂತೆ ಹೃದಯ ಸಡಿಲಾಗುವುದು ನಿಧಾನವಾಗುತ್ತದೆ, ಹಿರಿಯರಲ್ಲಿ ಇದು ಮಾಮೂಲು. ನಿಮ್ಮ ಡಾಕ್ಟರಿಗೆ ತೋರಿಸಿ.

ಹಿಂದೆ ನಮ್ಮಲ್ಲಿ ಎಕೋ ಮಾಡಿಸಿ, 'ನಾರ್ಮಲ್' ಎಂದು ಬಂದಮೇಲೂ ದಮ್ಮು ಹೋಗದವರಿದ್ದರೆ ಡಾಕ್ಟರ ಚೀಟಿ ತನ್ನಿ. ಈ ವರ್ಷ ಪೂರ್ತಿ ಅಂಥವರಿಗೆ ಹಳೆಯ ದರದಲ್ಲೇ ಮಾಡಿಕೊಡುತ್ತೇವೆ.

ನಿಮ್ಮ,
ಸ್ಕ್ಯಾನಿಂಗ್ ಸೆಂಟರಿನ ಬಳಗ, ಶಿರಸಿ