ಮಕ್ಕಳನ್ನು ವಂಡರ್‌ಲಾಗೆ ಕರೆದುಕೊಂಡು ಹೋಗುವ ಮುನ್ನ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ದಸರಾ ರಜೆಗೆ ದಾವಣಗೆರೆಯಿಂದ ಕೆಂಗೇರಿಯ ನಿನ್ನ ಭಾವನವರ ಮನೆಗೆ ಬರುತ್ತೀರಿ, ಒಂದು ದಿನ ಮಕ್ಕಳನ್ನೆಲ್ಲ ಬೆಂಗಳೂರಿನ ಆಟಗಳ ಪಾರ್ಕು ವಂಡರ್‌ಲಾಗೆ ಕರೆದುಕೊಂಡು ಹೋಗಬೇಕು ಅಂತ ಫೋನಿನಲ್ಲಿ ಹೇಳಿದೆ. ಕೇಳಿ ಖುಷಿಯಾಯಿತು. ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದಾಗ ಹೈಸ್ಕೂಲು ಮಕ್ಕಳ ಪ್ರವಾಸ ಅಂದರೆ ನನ್ನ ಪಾಲಿಗೇ ಬರುತ್ತಿತ್ತು. ಆಮೇಲೆ ಮೊಮ್ಮಕ್ಕಳ ಜೊತೆಗೂ ಹೋಗಿದ್ದೇನೆ. ನನಗೆ ತಿಳಿದದ್ದನ್ನು ಬರೆಯುತ್ತೇನೆ. ನಿನಗೆ ಸರಿ ಅನ್ನಿಸಿದ್ದನ್ನು ಇಟ್ಟುಕೋ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಯಾವ ಆಟ ಮೊದಲು, ಯಾವುದು ಆಮೇಲೆ ಅಂತ ನೀನು ಪಟ್ಟಿ ಮಾಡಲು ಕೂರಬೇಡ. ಅದನ್ನು ಮಕ್ಕಳಿಗೆ ಬಿಟ್ಟುಬಿಡು. ನಿನ್ನ ಮಗಳು ಒಂಬತ್ತನೇ ಕ್ಲಾಸು, ಮಗ ಏಳನೇ ಕ್ಲಾಸು, ಭಾವನವರ ಮಗ ಪಿಯುಸಿ. ಇಲ್ಲಿಯವರೆಗೆ ಅವರು ಹೋದ ಊರೆಲ್ಲ ನಾವು ಗೊತ್ತು ಮಾಡಿದ್ದೇ. ಧರ್ಮಸ್ಥಳ, ಶೃಂಗೇರಿ, ಯಾರದೋ ಮದುವೆ, ಯಾರದೋ ಗೃಹಪ್ರವೇಶ. ಎಷ್ಟು ಹೊತ್ತಿಗೆ ಏಳಬೇಕು, ಯಾವ ಬಟ್ಟೆ ಹಾಕಬೇಕು, ಯಾರ ಪಕ್ಕ ಕೂರಬೇಕು ಅನ್ನುವುದೂ ನಾವು ಹೇಳಿದ್ದೇ. ಈ ವಯಸ್ಸಿನ ಮಕ್ಕಳಿಗೆ ಸುಮ್ನೆ ಹಿಂದೆ ಹಿಂದೆ ಬರುವುದು ಸಾಕಾಗಿರುತ್ತದೆ. ಒಂದು ದಿನ ಅವರು ಮುಂದೆ ನಡೆಯಲಿ, ನೀವು ಹಿಂದೆ ಹೋಗಿ. ದುಡ್ಡು, ತಾರೀಖು, ಆರೋಗ್ಯ, ಈ ಮೂರು ನಿಮ್ಮ ಕೈಯಲ್ಲಿರಲಿ. ಉಳಿದದ್ದು ಅವರದು. ಮೂವರೂ ಕೂತು ಪಾರ್ಕಿನ ವೆಬ್‌ಸೈಟಿನಲ್ಲಿ ರೈಡುಗಳನ್ನು ನೋಡಿ, ಜಗಳವಾಡಿ, ಒಂದು ಕಾಗದದ ಮೇಲೆ ಬರೆದು ತರಲಿ. ಆ ಜಗಳವೂ ಪ್ರವಾಸದ ಭಾಗವೇ. ನೀನು ಮಧ್ಯೆ ಹೋಗಬೇಡ.

ತಾರೀಖಿನ ವಿಷಯ. ಆಯುಧಪೂಜೆ, ವಿಜಯದಶಮಿ, ಅದಕ್ಕೆ ಅಂಟಿಕೊಂಡ ಶನಿವಾರ, ಭಾನುವಾರ ಬೇಡವೇ ಬೇಡ. ರಜೆಯಲ್ಲೇ ಹೋಗಬೇಕಾದರೂ ಮಂಗಳವಾರವೋ ಬುಧವಾರವೋ ನೋಡಿಕೋ. ಬಾಗಿಲು ಸಾಮಾನ್ಯವಾಗಿ 11 ಗಂಟೆಗೆ ತೆರೆಯುತ್ತದೆ. ಹಿಂದಿನ ದಿನ ಸಮಯ ಇನ್ನೊಮ್ಮೆ ನೋಡಿ, ಅರ್ಧ ಗಂಟೆ ಮೊದಲೇ ಅಲ್ಲಿರಿ. ಟಿಕೆಟ್ ಆನ್‌ಲೈನಿನಲ್ಲೇ ಮಾಡಿಸು. ಭಾವನವರ ಮಗ ಕಾಲೇಜಿನ ಗುರುತಿನ ಚೀಟಿ, ನಿಮ್ಮತ್ತೆ ಆಧಾರ್ ಕಾರ್ಡು ಇಟ್ಟುಕೊಂಡಿರಲಿ. ವಿದ್ಯಾರ್ಥಿಗಳಿಗೂ ಹಿರಿಯರಿಗೂ ಕೊಡುವ ರಿಯಾಯಿತಿ ಸಿಗಬೇಕಾದರೆ ಮೂಲ ಚೀಟಿಯನ್ನೇ ತೋರಿಸಬೇಕು.

ಇನ್ನು ನಿನ್ನ ಮಗನ ಎತ್ತರ. ಇದನ್ನು ಸ್ವಲ್ಪ ಗಮನವಿಟ್ಟು ಓದು. ಅಲ್ಲಿ ಮಕ್ಕಳ ಟಿಕೆಟ್ಟು ವಯಸ್ಸಿನ ಮೇಲೆ ಅಲ್ಲ, ಎತ್ತರದ ಮೇಲೆ. 85 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಟಿಕೆಟ್ ಬೇಡ, 85ರಿಂದ 140ರವರೆಗೆ ಮಕ್ಕಳ ಟಿಕೆಟ್, 140 ದಾಟಿದರೆ ದೊಡ್ಡವರ ಟಿಕೆಟ್. ದೊಡ್ಡ ರೈಡುಗಳಿಗೂ 140ರ ಗೆರೆ ಇರುತ್ತದೆ. ಭುಜದ ಮೇಲೆ, ತೊಡೆಯ ಮೇಲೆ ಬಂದು ಕೂರುವ ಕಂಬಿಗಳನ್ನು ಅಷ್ಟು ದೊಡ್ಡ ಮೈಗೆ ಅಂತಲೇ ಮಾಡಿರುತ್ತಾರೆ. ಚಿಕ್ಕ ಮೈ ಅದರೊಳಗೆ ಭದ್ರವಾಗಿ ನಿಲ್ಲುವುದಿಲ್ಲ. ಹಾಗಾಗಿ ಈ ವಾರವೇ ಅವನನ್ನು ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ ಅಳೆದುಬಿಡು. 138 ಬಂದರೆ ಮನೆಯಲ್ಲೇ ಹೇಳು. ಬೇಜಾರು ಮಾಡಿಕೊಂಡರೆ ಮನೆಯಲ್ಲೇ ಮಾಡಿಕೊಳ್ಳಲಿ. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು, ಅಕ್ಕ, ಅಣ್ಣ ಇಬ್ಬರೂ ಒಳಗೆ ಹೋದಮೇಲೆ ಇವನೊಬ್ಬನನ್ನೇ ಅಳತೆಕೋಲಿನ ಹತ್ತಿರ ತಡೆದರೆ ಹನ್ನೆರಡು ವರ್ಷದ ಹುಡುಗನಿಗೆ ಎಷ್ಟು ಅವಮಾನ ಆಗುತ್ತದೆ ಗೊತ್ತಾ? ಶಾಲೆಯ ಪ್ರವಾಸಗಳಲ್ಲಿ ಆ ಮುಖಗಳನ್ನು ನೋಡಿದ್ದೇನೆ. ದಪ್ಪ ಅಟ್ಟೆಯ ಶೂ ಹಾಕಿಸಿ ದಾಟಿಸುವ ಉಪಾಯ ಯಾರಾದರೂ ಹೇಳಿದರೆ ಕಿವಿಗೇ ಹಾಕಿಕೊಳ್ಳಬೇಡ.

ಎತ್ತರ ಸಾಲುವ ಮಕ್ಕಳಿಗೂ ಭಯ ಇರಬಹುದು. ಹೊರಡುವ ಮೊದಲು ಒಂದು ನಿಯಮ ಮಾಡಿ. ಯಾರಾದರೂ ‘ನನಗೆ ಬೇಡ’ ಅಂದರೆ ಅಲ್ಲಿಗೆ ಮುಗಿಯಿತು. ಎರಡನೇ ಸಲ ಕೇಳುವಂತಿಲ್ಲ, ಕಾರಣ ಕೇಳುವಂತಿಲ್ಲ, ಫೋಟೋ ತೆಗೆದು ಗ್ರೂಪಿಗೆ ಹಾಕುವಂತಿಲ್ಲ. ‘ಗಂಡು ಹುಡುಗ ಆಗಿ ಹೆದರ್ತೀಯಾ’ ಅನ್ನುವ ಮಾತು ಅಳಿಯಂದಿರ ಬಾಯಿಂದಲೂ ಬರಬಾರದು. ಅದನ್ನು ನೀನು ಅವರಿಗೆ ಮೊದಲೇ ಹೇಳಿರಬೇಕು. ಒತ್ತಾಯಕ್ಕೆ ಹತ್ತಿದ ಮಗು ಇಳಿದಮೇಲೆ ದಿನವಿಡೀ ಮಂಕಾಗಿರುತ್ತದೆ. ಬಿಟ್ಟುಬಿಟ್ಟರೆ ಎಷ್ಟೋ ಸಲ ಸಂಜೆ ಅದೇ ಮಗು ತಾನೇ ಬಂದು ‘ಅಮ್ಮ, ಒಂದ್ಸಲ ಹೋಗಲಾ’ ಅನ್ನುತ್ತದೆ.

ಹೇಗೆ ನಡೆಯುತ್ತದೆ ಅಂತ ಗೊತ್ತಾದರೆ ಭಯ ಸ್ವಲ್ಪ ಇಳಿಯುತ್ತದೆ. ಪಿಯುಸಿ ಹುಡುಗ ಸೈನ್ಸ್ ತಾನೇ? ಅವನೇ ತಮ್ಮನಿಗೆ ಹೇಳಿಕೊಡಲಿ. ರಿಕಾಯಿಲ್ ಅನ್ನುವ ರೋಲರ್ ಕೋಸ್ಟರ್ ತಲೆಕೆಳಗಾಗಿ ಸುತ್ತಿ, ಮತ್ತೆ ಅದೇ ಹಳಿಯ ಮೇಲೆ ಹಿಮ್ಮುಖವಾಗಿ ಬರುತ್ತದೆ. ಗಾಡಿಯಲ್ಲಿ ಎಂಜಿನ್ ಇರುವುದಿಲ್ಲ. ಎತ್ತರಕ್ಕೆ ಎಳೆದು ಬಿಟ್ಟಮೇಲೆ ಭೂಮಿಯ ಸೆಳೆತವೇ ಅದನ್ನು ಓಡಿಸುತ್ತದೆ. ಕೆಳಗೆ ನಿಂತು ಆ ಸುತ್ತನ್ನು ನೋಡಲು ಹೇಳು. ಅದು ಸರಿಯಾದ ವೃತ್ತ ಆಗಿರುವುದಿಲ್ಲ, ಮೇಲೆ ಕಿರಿದು, ಕೆಳಗೆ ಅಗಲ. ಪೂರಾ ವೃತ್ತ ಮಾಡಿದರೆ ಗಾಡಿ ಬುಡಕ್ಕೆ ನುಗ್ಗುವಾಗ ಕೂತವರ ಕುತ್ತಿಗೆ, ಬೆನ್ನಿನ ಮೇಲೆ ಬೀಳುವ ಒತ್ತಡ ತಡೆಯಲಾಗದಷ್ಟು ಜಾಸ್ತಿ ಆಗುತ್ತದೆ. ಫ್ಲ್ಯಾಶ್ ಟವರ್ ಅನ್ನುವ ಎತ್ತರದ ಗೋಪುರದ ಆಟದಲ್ಲಿ ದಡಕ್ಕನೆ ಕೆಳಗೆ ಬರುವಾಗ ಹೊಟ್ಟೆಯೊಳಗೆ ಖಾಲಿ ಆದಂತೆ ಆಗುವುದು, ಸೀಟೂ ನಾವೂ ಒಟ್ಟಿಗೇ ಬೀಳುತ್ತಿರುವುದರಿಂದ. ಸೀಟು ನಮ್ಮನ್ನು ಮೇಲಕ್ಕೆ ಒತ್ತುವುದು ನಿಂತುಹೋಗುತ್ತದೆ, ಅಷ್ಟೇ. ನಾನು ಇದನ್ನು ಕಪ್ಪುಹಲಗೆಯ ಮೇಲೆ ವರ್ಷಗಟ್ಟಲೆ ಬರೆದಿದ್ದೇನೆ. ಅಲ್ಲಿ ಹೋಗಿ ನೋಡಿದ ಮಕ್ಕಳಿಗೆ ತಲೆಗೆ ಹೋದಷ್ಟು ಬೇಗ ಕ್ಲಾಸಿನಲ್ಲಿ ಹೋಗಲಿಲ್ಲ.

ಮಗಳ ವಿಷಯ ಬೇರೆಯಾಗಿಯೇ ಬರೆಯಬೇಕು. ನೀರಿನ ಆಟಗಳಿಗೆ ಕಾಟನ್ ಬಟ್ಟೆ ಬಿಡುವುದಿಲ್ಲ. ನೈಲಾನೋ ಲೈಕ್ರಾನೋ ಬೇಕು. ಹದಿನಾಲ್ಕರ ಹುಡುಗಿಗೆ ಎಲ್ಲರ ಮುಂದೆ ಒದ್ದೆ ಬಟ್ಟೆಯಲ್ಲಿ ಓಡಾಡುವುದೇ ದೊಡ್ಡ ಸಂಕೋಚ. ಗೇಟಿನ ಹತ್ತಿರದ ಅಂಗಡಿಯಲ್ಲಿ ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಕೊಡಿಸಬೇಡ. ದಾವಣಗೆರೆಯಲ್ಲೇ ಅಂಗಡಿಗೆ ಕರೆದುಕೊಂಡು ಹೋಗು. ತುಂಬು ತೋಳಿನದು, ಮೊಣಕಾಲು ಮುಚ್ಚುವಂಥದು ಎಲ್ಲ ಸಿಗುತ್ತದೆ. ಅವಳೇ ಆರಿಸಲಿ. ದಪ್ಪ, ಸಣ್ಣ, ಕಪ್ಪು ಅಂತ ಯಾರೂ ಒಂದು ಮಾತು ಆಡಕೂಡದು, ಪ್ರೀತಿಯಿಂದಲೂ ಆಡಕೂಡದು. ಆ ದಿನ ಅವಳು ಮುಟ್ಟಾದರೆ ನೆಲದ ಮೇಲಿನ ಆಟಗಳೇ ಬೇಕಾದಷ್ಟಿವೆ. ಪ್ಯಾಡು, ಕಪ್ಪು ಬಟ್ಟೆ ಇನ್ನೊಂದು ಜೊತೆ ಬ್ಯಾಗಿನಲ್ಲಿರಲಿ. ಯಾಕೆ ನೀರಿಗೆ ಇಳಿಯಲಿಲ್ಲ ಅಂತ ಹುಡುಗರು ಕೇಳಿದರೆ ಉತ್ತರ ನೀನು ಕೊಡು, ಅವಳ ಮೇಲೆ ಬಿಡಬೇಡ. ಇನ್ನೊಂದು. ಇಬ್ಬರು ಗಂಡು ಹುಡುಗರ ಮಧ್ಯೆ ಅವಳು ಒಬ್ಬಳೇ ಆಗುತ್ತಾಳೆ. ಅವಳ ವಯಸ್ಸಿನ ಗೆಳತಿಯನ್ನೋ ನೆಂಟರ ಹುಡುಗಿಯನ್ನೋ ಜೊತೆಗೆ ಕರೆದುಕೊಳ್ಳುವಷ್ಟು ಅನುಕೂಲ ಇದ್ದರೆ ಕರೆದುಕೋ. ಒಂದು ಟಿಕೆಟ್ಟಿನ ದುಡ್ಡಿಗೆ ಅವಳ ದಿನವೇ ಬೇರೆ ಆಗುತ್ತದೆ.

ಕೂದಲನ್ನು ಗಟ್ಟಿಯಾಗಿ ಜಡೆ ಹೆಣೆದು ಮೇಲೆ ಕಟ್ಟಿ. ದುಪಟ್ಟಾ ಬೇಡ. ಚಕ್ರ ತಿರುಗುವ ಆಟಗಳಲ್ಲಿ ಸಡಿಲವಾದ ಕೂದಲು, ಬಟ್ಟೆ ಎರಡೂ ಅಪಾಯ. ಕನ್ನಡಕಕ್ಕೆ ಹಿಂದಿನಿಂದ ಕಟ್ಟುವ ದಾರ ತೆಗೆದುಕೋ. ಎಷ್ಟೋ ರೈಡುಗಳಲ್ಲಿ ಅದನ್ನೂ ತೆಗೆದಿಟ್ಟೇ ಹತ್ತಬೇಕು.

ಹೊಟ್ಟೆಯ ಲೆಕ್ಕ ಹೀಗಿರಲಿ. ಬೆಳಿಗ್ಗೆ ಬೇಗ ಹೊರಟು ಬಿಡದಿಯವರೆಗೆ ಹೋಗಿ ತಟ್ಟೆ ಇಡ್ಲಿ ತಿಂದು ವಾಪಸ್ ಬನ್ನಿ. ಪಾರ್ಕು ಬಿಡದಿಗಿಂತ ಮೊದಲೇ ಸಿಗುತ್ತದೆ. ಎಕ್ಸ್‌ಪ್ರೆಸ್‌ವೇ ಹತ್ತಬೇಡಿ, ಸರ್ವಿಸ್ ರಸ್ತೆಯಲ್ಲೇ ಹೋಗಿ. ಒಂಬತ್ತಕ್ಕೆ ತಿಂದರೆ ಹನ್ನೊಂದರ ಹೊತ್ತಿಗೆ ಹೊಟ್ಟೆ ಹಗುರ. ಗಿರಗಿರ ತಿರುಗಿಸುವ, ತಲೆಕೆಳಗೆ ಮಾಡುವ ಆಟಗಳೆಲ್ಲ ಊಟಕ್ಕೆ ಮೊದಲೇ ಮುಗಿಯಲಿ. ಆಗ ಸಾಲೂ ಕಡಿಮೆ. ಹೊರಗಿನ ಊಟ ಒಳಗೆ ಬಿಡುವುದಿಲ್ಲ, ಚಿತ್ರಾನ್ನ ಕಟ್ಟಿಕೊಂಡು ಹೋಗಬೇಡ. ಊಟ ಆದಮೇಲೆ ಒಂದು ಗಂಟೆ ಸುಮ್ನೆ ನೆರಳಲ್ಲಿ ಕೂತು ನಂತರ ನೀರಿಗೆ ಇಳಿಯಿರಿ. ಅಕ್ಟೋಬರಿನಲ್ಲಿ ಸಂಜೆ ಮಳೆ ಬರಬಹುದು, ನೀರು ತಣ್ಣಗೆ ಕೊರೆಯುತ್ತದೆ. ನಡುಕ ಹತ್ತಿದ ಮಕ್ಕಳಿಗೆ ಬೆಚ್ಚಗಿನ ನೀರು ಸುರಿಯುವ ರೈನ್ ಡಿಸ್ಕೋ ಕೊನೆಗೆ ಇರಲಿ.

ಮಕ್ಕಳನ್ನು ದಿನವಿಡೀ ಕಣ್ಣ ಮುಂದೆಯೇ ಇಟ್ಟುಕೊಳ್ಳಲು ನೋಡಬೇಡ. ಮೂವರು ಒಟ್ಟಿಗಿರಬೇಕು, ಎರಡು ಗಂಟೆಗೆ ಊಟಕ್ಕೆ, ನಾಲ್ಕೂವರೆಗೆ ಲಾಕರಿನ ಹತ್ತಿರ ಬರಬೇಕು. ಇಷ್ಟು ಸಾಕು. ಆದರೆ ಫೋನು ಲಾಕರಿನಲ್ಲಿರುತ್ತದೆ, ಅವರಿಗೆ ಹೊತ್ತು ಗೊತ್ತಾಗುವುದಾದರೂ ಹೇಗೆ? ಈಗಿನ ಮಕ್ಕಳ ಕೈಯಲ್ಲಿ ಗಡಿಯಾರವೇ ಇಲ್ಲ. ನೀರಿಗೆ ಕೆಡದ ಸಾಧಾರಣ ವಾಚು ಒಂದನ್ನು ಮಗಳಿಗೆ ಕೊಡಿಸು. ಹೊತ್ತಿನ ಜವಾಬ್ದಾರಿ ಅವಳದು ಅಂತ ಹುಡುಗರ ಮುಂದೆಯೇ ಹೇಳು. ಮೂವರಿಗೂ ಐನೂರು ಐನೂರು ರೂಪಾಯಿ ಕೊಟ್ಟುಬಿಡು, ಲೆಕ್ಕ ಕೇಳಬೇಡ. ಫಾಸ್ಟ್‌ಟ್ರ್ಯಾಕ್ ಟಿಕೆಟ್, ಅಂದರೆ ಜಾಸ್ತಿ ದುಡ್ಡು ಕೊಟ್ಟು ಸಾಲು ತಪ್ಪಿಸುವ ಟಿಕೆಟ್, ವಾರದ ಮಧ್ಯೆ ಬೇಕಾಗುವುದಿಲ್ಲ. ಸಾಲು ಅಂದರೆ ಬರೀ ನಷ್ಟ ಅಂತಲೂ ಅಂದುಕೊಳ್ಳಬೇಡ. ಮನೆಯಲ್ಲಿ ಬಾಯಿ ಬಿಡದ ಮಕ್ಕಳು ಸಾಲಿನಲ್ಲಿ ನಿಂತಾಗ ಏನೇನೋ ಹೇಳುತ್ತಾರೆ. ಕೈಯಲ್ಲಿ ಫೋನು ಇರುವುದಿಲ್ಲ ನೋಡು.

ನಿಮ್ಮತ್ತೆ ಬಂದರೆ ಬರಲಿ. ಎತ್ತರದ ಗೋಪುರದ ಮೇಲೆ ಕೂರಿಸಿರುವ ಸ್ಕೈ ವೀಲ್ ಅವರಿಗೆ ಇಷ್ಟವಾಗುತ್ತದೆ. ಟ್ಯೂಬಿನಲ್ಲಿ ತೇಲಿಕೊಂಡು ಹೋಗುವ ಲೇಜಿ ರಿವರ್ ಕೂಡ ನಿಧಾನದ್ದೇ. ಬಿಪಿ, ಹೃದಯ, ಬೆನ್ನಿನ ತೊಂದರೆ ಇದ್ದವರು ಜೋರಿನ ರೈಡಿಗೆ ಹೋಗುವ ಹಾಗಿಲ್ಲ. ಅಳಿಯಂದಿರ ಸೊಂಟ ಇನ್ನೂ ಸರಿಹೋಗಿಲ್ಲದಿದ್ದರೆ ಅವರಿಗೂ ಇದೇ ಮಾತು.

ಇನ್ನು ನಿನ್ನ ಮಾತು. ಕೇರಳದ ಕೊಚ್ಚಿಯಲ್ಲಿ 2000ದಲ್ಲಿ ಇವರ ಮೊದಲ ಪಾರ್ಕು ಶುರುವಾಯಿತು. ಬೆಂಗಳೂರಿನದು ಬಂದದ್ದು 2005ರಲ್ಲಿ. ಆಗ ನೀನು ಕಾಲೇಜಿನಲ್ಲಿದ್ದೆ. ಗೆಳತಿಯರೆಲ್ಲ ಹೋಗುತ್ತಾರೆ ಅಂತ ನಿನ್ನಮ್ಮನ ಹತ್ತಿರ ಕೇಳಿದ್ದೂ, ನಿಮ್ಮ ಮನೆಯಲ್ಲಿ ಆಗ ಅಷ್ಟು ದುಡ್ಡಿಲ್ಲದೆ ನೀನು ಸುಮ್ಮನಾದದ್ದೂ ನನಗೆ ಗೊತ್ತು. ಹಾಗಾಗಿ ಅಲ್ಲಿ ಹೋಗಿ ಬ್ಯಾಗು ಕಾಯುತ್ತಾ, ಟವೆಲ್ ಹಿಡಿದುಕೊಂಡು ಬೆಂಚಿನ ಮೇಲೆ ಕೂರಬೇಡ. ಬ್ಯಾಗಿಗೆ ಲಾಕರ್ ಇದೆ. ನಿನಗೂ ನೀರಿನ ಬಟ್ಟೆ ತೆಗೆದುಕೋ. ಅಲೆಯ ಕೊಳಕ್ಕೆ ಇಳಿ. ಮಗಳು ಕರೆದರೆ ರೋಲರ್ ಕೋಸ್ಟರಿನಲ್ಲಿ ಅವಳ ಪಕ್ಕದಲ್ಲೇ ಕೂತು ಕಿರುಚು. ಅಮ್ಮ ಕಿರುಚುವುದನ್ನು ಮಕ್ಕಳು ಒಮ್ಮೆಯಾದರೂ ಕೇಳಬೇಕು.

ಮರುದಿನ ಯಾವ ನೆಂಟರ ಮನೆಗೂ ಊಟಕ್ಕೆ ಬರುತ್ತೇವೆ ಅಂತ ಒಪ್ಪಿಕೊಳ್ಳಬೇಡ. ಕಾಲು, ಭುಜ ಎಲ್ಲ ನೋಯುತ್ತಿರುತ್ತದೆ. ಮಕ್ಕಳು ಹತ್ತು ಗಂಟೆಯವರೆಗೆ ಮಲಗಿದರೆ ಎಬ್ಬಿಸದಿರಲು ನಿಮ್ಮತ್ತೆಗೂ ಹೇಳು. ಒದ್ದೆ ಬಟ್ಟೆಯನ್ನು ಮಾತ್ರ ರಾತ್ರಿಯೇ ನೀರಿಗೆ ಹಾಕು, ಕ್ಲೋರಿನ್ ವಾಸನೆ ಆಮೇಲೆ ಹೋಗುವುದಿಲ್ಲ.

ಇತಿ ನಿನ್ನ
ದೊಡ್ಡಮ್ಮ