ಮಗಳಿಗೊಂದು ಪತ್ರ: ಆ ಪಿಂಕ್ ಕಿಟ್ ಬ್ಯಾಡವ್ವ

ಪುಟ್ಟಿ,

ನೀ ಕಳಿಸಿದ ಲಿಂಕ್ ನೋಡಿದೆ. ಗ್ಲೌಸು, ಹೆಡ್‌ಗಾರ್ಡು, ಮೊಣಕಾಲ ಕೆಳಗ ಹಾಕೋ ಶಿನ್ ಗಾರ್ಡು ಎಲ್ಲಾ ಸೇರಿ ಒಂದೇ ಕಾಂಬೋ, ಎಲ್ಲಾ ಪಿಂಕು, ಮ್ಯಾಲೆ ಅರ್ಧ ರೇಟು ಅಂತ ಬ್ಯಾರೆ ಹಾಕ್ಯಾರ. ದುಡ್ಡು ಹಾಕ್ತೀನಿ, ಆದ್ರ ಅದಕ್ಕಲ್ಲ. ಎಂಎಂಎ, ಗುದ್ದೋದು ಒದೆಯೋದು ಹಿಡಿದು ಕೆಡವೋದು ಎಲ್ಲಾ ಇರೋ ಆ ಕಾದಾಟದ ಆಟ, ಕಲೀತೀನಿ ಅಂತ ನೀ ಅಂದಾಗ ನಿಮ್ಮಪ್ಪ ಮುಖ ಊದಿಸ್ಕೊಂಡು ಕುಂತ್ರು, ಹೂಂ ಅಂದಾಕಿ ನಾನು, ಹಂಗಾಗಿ ಏನು ತಗೋಬೇಕು ಅಂತ ನಾನೇ ಹೇಳಾಕಿ.

ಫೋಟೋ ಝೂಮ್ ಮಾಡಿ ನೋಡಿದೆ. ಬಳ್ಳಾರಿ ಜೀನ್ಸ್ ಯೂನಿಟ್‌ನಾಗ ಮಷೀನ್ ಮುಂದೆ ಕುಂತಾಕಿಗೆ ಹೊಲಿಗೆ ನೋಡಿದ್ರ ಸಾಕು. ಮಣಿಕಟ್ಟಿನ ಪಟ್ಟಿಗೆ ಒಂದೇ ಲೈನ್ ಹೊಲಿಗೆ, ನಾವು ಜೇಬಿನ ಮೂಲೆ ಹರೀಬಾರದಂತ ಒತ್ತೊತ್ತಾಗಿ ಹೊಡೀತೀವಲ್ಲ ಬಾರ್‌ಟ್ಯಾಕ್, ಅದು ಇಲ್ಲವೇ ಇಲ್ಲ. ದಿನಾ ಎಳೆದು ಎಳೆದು ವೆಲ್ಕ್ರೋ ಹಚ್ಚೋ ಜಾಗ ಅದು, ಎಷ್ಟು ದಿನ ತಡೀತೈತಿ ಹೇಳು? ಹೆಬ್ಬೆರಳನ್ನ ಗ್ಲೌಸಿಗೆ ಸೇರಿಸಿ ಹೊಲಿದಿಲ್ಲ, ಹೊಡೆಯೋವಾಗ ಎಲ್ಲ್ಯಾದ್ರೂ ಸಿಕ್ಕಿ ತಿರುಚ್ಕೊಂತೈತಿ. ಅಂಗಡಿಗೇ ಹೋಗು, ಕೈಗೆ ಪಟ್ಟಿ ಸುತ್ಕೊಂಡೇ ಗ್ಲೌಸ್ ಹಾಕಿ ಮುಷ್ಟಿ ಕಟ್ಟು, ಜೋರು ಮಾಡ್ದೇ ಮುಷ್ಟಿ ಕೂಡಬೇಕು. ಮ್ಯಾಲಿಂದ ಹೆಬ್ಬೆರಳಿಂದ ಒತ್ತಿ ನೋಡು, ಗೆಣ್ಣು ಕೈಗೆ ಹತ್ತಿದ್ರ ಅಲ್ಲೇ ವಾಪಸ್ ಇಟ್ಟು ಬಾ.

ಎಲ್ಲಕ್ಕಿಂತ ಮೊದ್ಲು ಮೌತ್‌ಗಾರ್ಡ್ ತಗೋ, ಹಲ್ಲು ಹೋದ್ರ ಪ್ಯಾಚ್ ಹಚ್ಚಾಕ ನನ್ನ ಕೈಲಿ ಆಗಂಗಿಲ್ಲ. ಬಿಸಿನೀರಾಗ ಹಾಕಿ ಕಚ್ಚಿ ಅಚ್ಚು ಮಾಡ್ಕೊಳ್ಳೋದು ಸಿಗ್ತೈತಿ, ಸದ್ಯ ಅದೇ ಸಾಕು. ಎಷ್ಟು ಸೆಕೆಂಡ್ ಅಂತ ಪ್ಯಾಕೆಟ್ ಮ್ಯಾಲೆ ಬರೆದಿರ್ತಾರ, ಅಷ್ಟೇ ಇಡು, ಜಾಸ್ತಿ ಬಿಟ್ರ ಮುದುಡಿ ಹೋಗ್ತೈತಿ. ಮ್ಯಾಲಿನ ಹಲ್ಲಿಗೆ ಹಾಕಿ ಕಚ್ಚು, ಹೊರಗಿಂದ ಬೆರಳಿಂದ, ಒಳಗಿಂದ ನಾಲಿಗೆಲಿ ಒತ್ತು, ಗಾಳಿ ಒಳಗ ಎಳಕೋ. ಬಾಯಿ ತೆಗೆದ್ರ ತಾನೇ ಬೀಳಬಾರದು, ಹಾಕ್ಕೊಂಡೇ ಉಸಿರಾಡಾಕ ಬರಬೇಕು. ಆಮ್ಯಾಲೆ ಹ್ಯಾಂಡ್ ವ್ರ್ಯಾಪು, ಅದೇ ಕೈಗೆ ಸುತ್ತೋ ಪಟ್ಟಿ, 180 ಇಂಚಿಂದು, ಎರಡು ಜೊತೆ, ಒಂದು ಒಗೆದು ಹಾಕಿದಾಗ ಇನ್ನೊಂದು ಇರ್ಲಿ.

ಗ್ಲೌಸಿನ ಔನ್ಸ್ ವಿಷಯಕ್ಕೆ ನೀ ನನ್ನ ಕೂಡ ಜಗಳ ಆಡಿದಿ. ಪೂಜಾ ತೋಮರ್ ಹಾಕ್ಕೊಂಡಂಥದ್ದೇ ಬೇಕು ಅಂತಿ, ಆಕಿ 2024ರಾಗ ಯುಎಫ್‌ಸಿ ಅನ್ನೋ ದೊಡ್ಡ ಎಂಎಂಎ ಪಂದ್ಯಾವಳಿಯ ಫೈಟ್ ಗೆದ್ದ ಮೊದಲ ಭಾರತದಾಕಿ, ಹೌದು, ಆದ್ರ ಅದು 4 ಔನ್ಸಿಂದು, ಫೈಟಿಗೆ. ಕ್ಲಾಸಿನಾಗ ಎದುರಿಗೊಬ್ಬರನ್ನ ಇಟ್ಕೊಂಡು ಗುದ್ದೋ ಅಭ್ಯಾಸಕ್ಕೆ, ಅಂದ್ರ ಪಂಚ್ ಸ್ಪಾರಿಂಗ್‌ಗೆ 16 ಔನ್ಸಿನ ಬಾಕ್ಸಿಂಗ್ ಗ್ಲೌಸು, ಒಂದೊಂದೂ ಹತ್ರತ್ರ 450 ಗ್ರಾಂ, ನಿನ್ನ ತೂಕಕ್ಕೆ 14 ನಡೀತೈತಿ ಅಂತ ಕೋಚ್ ಅಂದ್ರ 14. ಹಿಡಿದು ಕೆಡವೋದೂ ಶುರುವಾದ್ಮ್ಯಾಲೆ 7 ಔನ್ಸಿನ ಬೆರಳು ಬಿಟ್ಟಿರೋ ಗ್ಲೌಸು ನೋಡೋಣು. ದಪ್ಪ ಗ್ಲೌಸು ಎದುರಿನ ಹುಡುಗಿ ಮೂಗು ಉಳೀಲಿ ಅಂತ ಹಾಕೋದು, ಆಕಿನೂ ಯಾರದೋ ಮನಿ ಮಗಳು. 1993ರಾಗ ಮೊದಲ ಯುಎಫ್‌ಸಿಗೆ ಒಬ್ಬ ಬಾಕ್ಸರ್ ಒಂದೇ ಕೈಗೆ ಗ್ಲೌಸ್ ಹಾಕ್ಕೊಂಡು ಬಂದಿದ್ದ, ನಿಮ್ಮಣ್ಣ ವಿಡಿಯೋ ತೋರಿಸಿ ಬಿದ್ದು ಬಿದ್ದು ನಕ್ಕ. 1997ರಾಗ ಅಲ್ಲೂ ಎಲ್ಲರಿಗೂ ಕಡ್ಡಾಯ ಮಾಡಿದ್ರು.

ಹೆಡ್‌ಗಾರ್ಡಿಗೆ ಈಗ ದುಡ್ಡು ಕೊಡಂಗಿಲ್ಲ. ಅದು ಚರ್ಮ ಹರಿಯೋದು, ಬಾವು ಬರೋದು ತಡೀತೈತಿ, ತಲಿ ಒಳಗ ಮೆದುಳು ಅಲುಗಾಡೋದನ್ನ ತಡಿಯಂಗಿಲ್ಲ. 2016ರ ರಿಯೋ ಒಲಿಂಪಿಕ್ಸ್‌ನಾಗ ಗಂಡಸರು ಅದಿಲ್ದೇ ಬಾಕ್ಸಿಂಗ್ ಆಡಿದ್ರು, ಹೆಣ್ಮಕ್ಕಳಿಗೆ ಇತ್ತು. ಹಾಕ್ಕೊಂಡೀನಲ್ಲ ಅಂತ ಏಟು ತಿನ್ನೋ ಧೈರ್ಯ ಬರ್ತೈತಿ ನೋಡು, ನಂಗ ಅದೇ ಭಯ. ತಲಿ ಸುತ್ತಿದ್ರ, ವಾಂತಿ ಬಂದಂಗಾದ್ರ ಅವತ್ತಿಗೆ ಕ್ಲಾಸ್ ಮುಗೀತು, ಸೀದಾ ಡಾಕ್ಟರ್ ಹತ್ರ.

ಮೈಗಂಟೋ ಫುಲ್ ತೋಳಿನ ಅಂಗಿ, ಅಂದ್ರ ರ‍್ಯಾಶ್‌ಗಾರ್ಡ್ ಮಾತ್ರ ತಗೋ, ಮ್ಯಾಟ್ ಮ್ಯಾಲೆ ತಿಕ್ಕಿ ಚರ್ಮ ಸುಲೀತೈತಿ, ಒಬ್ಬರ ಮೈಯಿಂದ ಇನ್ನೊಬ್ಬರಿಗೆ ಗಜಕರ್ಣ ಬರ್ತೈತಿ, ಕ್ಲಾಸ್ ಮುಗಿದ ತಕ್ಷಣ ಸ್ನಾನ. ಶಾರ್ಟ್ಸಿಗೆ ಜಿಪ್ಪು, ಜೇಬು ಇರಬಾರದು. ಓಲೆ, ಮೂಗುತಿ ಬಿಚ್ಚಿಟ್ಟು ಹೋಗು, ಉಗುರು ಕತ್ತರಿಸ್ಕೋ. ಗರಡಿ ಪೈಲ್ವಾನರ ಕಿವಿ ಗಂಟುಗಂಟಾಗಿರೋದು ನೋಡೀಯಲ್ಲ, ಕಿವಿ ಉಜ್ಜಿ ಒಳಗ ರಕ್ತ ಕಟ್ಟಿ ಹಂಗಾಗ್ತೈತಿ, ನಿನ್ನ ಕಿವಿ ಊದಿದ್ರ ಮುಚ್ಚಿಡಬ್ಯಾಡ. ಗ್ಲೌಸ್ ಬ್ಯಾಗಿನಾಗೇ ಬಿಡಬ್ಯಾಡ, ನಾತ ಹೊಡೀತೈತಿ. ಬಿಸಿಲಿಗೂ ಹಾಕಬ್ಯಾಡ, ಲೆದರ್ ಸೀಳ್ತೈತಿ, ಬಾಯಿ ಅಗಲ ಮಾಡಿ ಫ್ಯಾನ್ ಕೆಳಗಿಡು.

ಶಿನ್ ಗಾರ್ಡು ಸಾಕ್ಸ್ ಥರ ಏರಿಸೋದೋ, ಪಟ್ಟಿ ಕಟ್ಟೋ ದಪ್ಪದ್ದೋ ಅಂತ ಕೋಚ್ ಕೇಳು, ನೆಲದಾಗ ಹಿಡಿದಾಡೋದಿದ್ರ ಸಾಕ್ಸ್ ಥರದ್ದೇ ಜಾರಂಗಿಲ್ಲ. ಮೊಣಕಾಲ ಚಿಪ್ಪಿನ ಕೆಳಗಿಂದ ಪಾದ ಮಡಚೋ ತನಕ ಟೇಪ್ ಹಿಡಿದು ಅಳತಿ ಕಳಿಸು, ಸೆಂಟಿಮೀಟರ್‌ನಾಗ, ಅಂದಾಜು ಬ್ಯಾಡ. ಮೌತ್‌ಗಾರ್ಡು, ವ್ರ್ಯಾಪು, ಗ್ಲೌಸು, ರ‍್ಯಾಶ್‌ಗಾರ್ಡಿಗೆ ಸಂಜಿಗೆ ಫೋನ್‌ಪೇ ಮಾಡ್ತೀನಿ, ಬಿಲ್ ಫೋಟೋ ಹಾಕು. ನಿಮ್ಮಪ್ಪಗ ಒಂದು ಫೋನ್ ಮಾಡವ್ವ, ಕೇಳಿದ್ರ ನಾ ಹೇಳಿದ್ದು ಅಂತ ಹೇಳಬ್ಯಾಡ.

ನಿಮ್ಮವ್ವ